ಗುರುವಾರದ ವೈರು

ಜೂನ್ ೬, ಗುರುವಾರ

ಚೂಟಿ,

ಇವತ್ತು ನನ್ನ ವಾರದ ಉಪವಾಸ. ಬೆಳಕು ಹರಿಯುವ ಮುಂಚೆ ಎದ್ದು ಬಾಗಿಲು ತೊಳೆದೆ, ಸ್ನಾನ ಮುಗಿಸಿ ದೇವರ ಮುಂದೆ ದೀಪ ಹಚ್ಚಿದೆ, ನಿಮ್ಮಪ್ಪನ ಫೋಟೊದ ಗಾಜು ಒರೆಸಿದೆ. ಆಮೇಲೆ ಕೆಳಗಿಳಿದು ಆಟದ ಕೋಣೆಯ ಬೀಗ ತೆಗೆದು ಕಂಪ್ಯೂಟರುಗಳ ಧೂಳು ಹೊಡೆದೆ, ಕುರ್ಚಿಗಳನ್ನು ಒರೆಸಿದೆ. ಇವತ್ತು ಕೋಣೆಗೆ ರಜೆ, ಕಾಸು ಕೊಟ್ಟು ಆಡುವವರು ಯಾರೂ ಬರುವುದಿಲ್ಲ ನಿಜ. ಹಾಗಂತ ಕೋಣೆ ಕೊಳಕಾಗಿರಬೇಕೆಂದು ಇಲ್ಲವಲ್ಲ.

ನಿಮ್ಮ ಬೆಟ್ಟಕ್ಕೆ ಸಾಮಾನು ಹೊರುವ ಜೀಪಿನವನ ಕೈಯಲ್ಲಿ ಇದನ್ನು ಕಳಿಸುತ್ತೇನೆ. ಅವನಿಗೆ ಬಂದೆಬಂದೆ ಎಂದು ಹೆಸರಿಟ್ಟವರು ಯಾರೋ, ತಕ್ಕ ಹಾಗೆಯೇ ಇಟ್ಟಿದ್ದಾರೆ. ಬೆಳಗಿನಿಂದ ಬಂದೆ ಬಂದೆ ಎನ್ನುತ್ತಿದ್ದಾನೆ, ಇನ್ನೂ ಬಂದಿಲ್ಲ. ಅದಕ್ಕೇ ಕಾಗದ ಉದ್ದವಾಗುತ್ತಿದೆ. ಫೋನು ಹತ್ತದ ಜಾಗಕ್ಕೆ ಮಗಳನ್ನು ಯಾಕೆ ಕಳಿಸಿದಿರಿ ಎಂದು ಕೆಲವರು ಕೇಳುತ್ತಾರೆ. ನನ್ನ ಮಗಳು ಹವಾಮಾನ ಕೇಂದ್ರದಲ್ಲಿ ಕೂತು ಗಾಳಿ ಮಳೆ ಅಳೆದು ಹೇಳಿದ್ದನ್ನೇ ಸಂಜೆ ರೇಡಿಯೊದಲ್ಲಿ ಓದುವುದು ಎನ್ನುತ್ತೇನೆ. ಈ ಬೀದಿಯಲ್ಲಿ ಅದು ಗೊತ್ತಿಲ್ಲದವರು ಯಾರೂ ಉಳಿದಿಲ್ಲ. ಉಳಿದವರಿಗೆ ನಾನೇ ಹೋಗಿ ಹೇಳಿ ಬಂದಿದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ. ಹೊಲಿಗೆ ಕಾರ್ಖಾನೆಯ ಹೆಂಗಸರಿಗೆ ಹೊಸ ಕಾರು ರೇಸಿನ ಆಟ ಬೇಕಂತೆ. ಗುಂಡಿ ಹೊಲಿಯುವವಳು ಅದನ್ನು ಎಲ್ಲೋ ನೋಡಿ ಬಂದು ಎಲ್ಲರ ತಲೆಗೂ ಹಚ್ಚಿದ್ದಾಳೆ. ಅವಳೇ ಕಿಟಕಿಯ ಪಕ್ಕದ ಕಂಪ್ಯೂಟರಿಗೆ ಹಾಕಲು ನೋಡಿದಳು. ಪರದೆಯ ಮೇಲೆ ಬಂದದ್ದನ್ನು ಓದಿ ಹೇಳಿದಳು: ಈ ಆಟಕ್ಕೆ ನಿಮ್ಮ ಆಪರೇಟಿಂಗ್ ಸಿಸ್ಟಮ್ ಹಳೆಯದಾಯಿತು, ಹೊಸದು ಬೇಕು. ಉಳಿದ ಮೂರರಲ್ಲೂ ಅದೇ ಮಾತು. ರಿಪೇರಿಯವನನ್ನು ಕರೆಸಿದೆ. ಅವನು ಮುಚ್ಚಳ ಕೂಡ ಬಿಚ್ಚಲಿಲ್ಲ.

"ಇವಕ್ಕೆ ವಯಸ್ಸಾಯ್ತಮ್ಮ. ಗುಜರಿಗೆ ಹಾಕಿ."

"ನನಗೂ ಐವತ್ತಾಯ್ತಪ್ಪ. ಜೊತೆಗೆ ನನ್ನನ್ನೂ ಹಾಕ್ತೀಯೇನು?"

ಅವನು ಚೀಲ ಎತ್ತಿಕೊಂಡು ಹೊರಟ.

ಎದುರುಗಡೆ ಹೊಸ ಆಟದಂಗಡಿ ಬಂದಿದೆಯಲ್ಲ, ಹುಡುಗರೆಲ್ಲ ಆಗಲೇ ಅಲ್ಲಿಗೆ ಹೋದರು. ಹೋಗಲಿ, ಗದ್ದಲ ಕಡಿಮೆಯಾಯಿತು ಅಂದುಕೊಂಡೆ. ಹೆಂಗಸರೂ ಒಂದು ಸಂಜೆ ಹೋಗಿ ನೋಡಿದರು. ಕುರ್ಚಿಯ ಹಿಂದೆ ಗಂಡಸರು ಸಾಲಾಗಿ ನಿಂತು, ಬ್ರೇಕು ಹಾಕಕ್ಕ, ಬಲಕ್ಕೆ ತಿರುಗಿಸಕ್ಕ ಎಂದು ಪಾಠ ಹೇಳಿದರಂತೆ. ಎದ್ದು ಬಂದುಬಿಟ್ಟರು. ಹಾಗಾಗಿ ನಮ್ಮ ಕೋಣೆಯಲ್ಲಿ ಆಗದಿದ್ದರೆ ಅವರಿಗೆ ಇನ್ನೆಲ್ಲೂ ಆಗದು. ಮನೆಗೆ ಹೋಗಿ ಒಲೆ ಮುಂದೆ ನಿಲ್ಲುವ ಮುಂಚೆ ಅವರಿಗೆ ಸಿಗುವ ಹೊತ್ತು ಅದೊಂದೇ. ಗುಂಡಿ ಹೊಲಿಯುವವಳು ಹೇಳಿದ ಮಾತು ಕೇಳು: "ದಿನವಿಡೀ ಎಲ್ರೂ ನಮ್ಮನ್ನ ಓಡಿಸ್ತಾರೆ ಅಕ್ಕ. ಒಂದು ಗಂಟೆ ನಾವೂ ಏನಾದ್ರೂ ಓಡಿಸ್ಬೇಕು."

ಹಳೆಯ ಸಿಸ್ಟಮ್ಮಿನಲ್ಲಿ ಹೊಸ ಆಟ ಓಡುತ್ತದೆಯೋ ಇಲ್ಲವೋ? ಇಲ್ಲವಾದರೆ ಇಲ್ಲ ಎಂದೇ ಬರೆ. ಬೆಣ್ಣೆ ಹಚ್ಚಿ ಬರೆಯಬೇಡ.

ಕಿವಿ ಮುಚ್ಚಿಕೊಂಡು ಓಡಾಡು, ಗಾಳಿ ಒಳ್ಳೆಯದಲ್ಲ. ದೇವರು ಕಾಪಾಡಲಿ.

ನಿನ್ನ
ಅಮ್ಮ


ಜೂನ್ ೧೭

ಅಮ್ಮಾ,

ನಿನ್ನ ಕಾಗದ ಬಂದಾಗ ನಾನು ಗಾಳಿ ಅಳೆಯುವ ಕಂಬದ ಮೇಲಿದ್ದೆ. ಅಲ್ಲೇ ಓದಲು ಹೋಗಿ ಎರಡನೇ ಹಾಳೆ ಹಾರಿತು. ನಮ್ಮ ಕೇಂದ್ರದ ಮೇಡಂ ಪೊದೆಯೊಳಗೆ ನುಗ್ಗಿ ಹಿಡಿದು ತಂದರು. ತರುವಾಗ ಓದಿಯೂ ಬಿಟ್ಟಿದ್ದಾರೆ. ನಿಮ್ಮ ತಾಯಿಗೆ ನನ್ನ ನಮಸ್ಕಾರ ತಿಳಿಸಿ, ರಿಪೇರಿಯವನಿಗೆ ಕೊಟ್ಟ ಉತ್ತರ ಚೆನ್ನಾಗಿತ್ತು ಎಂದರು.

ಅಮ್ಮಾ, ಅವು ಗುಜರಿಗೆ ಹೋಗುವ ಯಂತ್ರಗಳಲ್ಲ. ಒಂದೊಂದು ಭಾಗವನ್ನೂ ನಾನೇ ಆರಿಸಿ ಜೋಡಿಸಿದ್ದು. ಆಟದ ಚಿತ್ರ ಬಿಡಿಸುವ ಕಾರ್ಡು ಇವತ್ತಿಗೂ ಕೆಲಸಕ್ಕೆ ಬರುವಂಥದ್ದು. ಸಿಸ್ಟಮ್ ಹಳೆಯದಾಗಿದ್ದು ಹೇಗೆ ಎಂಬುದೇ ನನಗೆ ಗೊತ್ತಾಗುತ್ತಿಲ್ಲ. ಅದು ತಾನಾಗಿಯೇ ಕಾಲಕಾಲಕ್ಕೆ ಹೊಸದಾಗುವಂತೆ ಮಾಡಿಟ್ಟು ಬಂದಿದ್ದೆ. ಕಿಟಕಿಯಾಕಾರದ ಗುರುತಿರುವ ಕೀಲಿಯನ್ನೂ R ಅಕ್ಷರವನ್ನೂ ಒಟ್ಟಿಗೆ ಒತ್ತಿ, ಬರುವ ಚೌಕದಲ್ಲಿ winver ಎಂದು ಹೊಡೆ. ಸಿಸ್ಟಮ್ಮಿನ ಹೆಸರಿನ ಕೆಳಗೆ ಒಂದು ಸಂಖ್ಯೆ ಇರುತ್ತದೆ. ಅದನ್ನು ಬರೆದು ಕಳಿಸು. ರಜೆಯ ದಿನ ಯಂತ್ರ ಆನ್ ಮಾಡಿಡುತ್ತಿದ್ದೀಯೋ ಇಲ್ಲವೋ ಅದನ್ನೂ ಬರೆ. ಗುರುವಾರ ಬೆಳಗಿನಿಂದ ಕೋಣೆಯಲ್ಲಿ ಏನೇನು ಮಾಡುತ್ತೀಯೋ ಒಂದೂ ಬಿಡದೆ ಬರೆ.

ಇನ್ನೊಂದು ಮಾತು. ಆಗಸ್ಟ್ ಕೊನೆಗೆ ನನ್ನ ತರಬೇತಿ ಮುಗಿಯುತ್ತದೆ. ಕೆಲಸ ಕಾಯಂ ಆಗಬೇಕಾದರೆ ಇನ್ನು ಮೂರು ವರ್ಷ ಇಲ್ಲಿರುತ್ತೇನೆ ಎಂದು ಸಹಿ ಹಾಕಬೇಕು. ಕೋಣೆ ಮುಚ್ಚುವ ಹಾಗಿದ್ದರೆ ನಾನು ಹಾಕುವುದಿಲ್ಲ. ಇಳಿದು ಬಂದು ನಿನ್ನ ಜೊತೆ ನಿಲ್ಲುತ್ತೇನೆ. ಇದನ್ನು ಬೇಜಾರಿನಿಂದ ಬರೆಯುತ್ತಿಲ್ಲ.

ನಿನ್ನ
ಚೂಟಿ


ಜೂನ್ ೨೭, ಗುರುವಾರ

ಚೂಟಿ,

ಕಾಗದದ ಕಡೆಯ ನಾಲ್ಕು ಸಾಲು ಓದಿ ಅದನ್ನು ಮಡಿಸಿ ದಿಂಬಿನ ಕೆಳಗಿಟ್ಟೆ. ಎರಡು ದಿನ ತೆಗೆಯಲಿಲ್ಲ. ನಿನ್ನನ್ನು ಬೆಟ್ಟ ಹತ್ತಿಸುವಾಗ ಎಲ್ಲರ ಮಾತು ಎಷ್ಟು ಕೇಳಿದೆ, ನಿನಗೆ ಗೊತ್ತು. ನೀನು ಇಳಿದು ಬಂದು ನನ್ನ ಜೊತೆ ನಿಂತರೆ ನಾನು ನೆಟ್ಟಗೆ ನಿಲ್ಲಲಾರೆ. ಇಷ್ಟೇ ಹೇಳುವುದು.

ಸಂಖ್ಯೆಯನ್ನು ಬೇರೆ ಚೀಟಿಯಲ್ಲಿ ಬರೆದಿದ್ದೇನೆ. ನಾಲ್ಕರಲ್ಲೂ ಒಂದೇ ಇದೆ. ಹೆಸರಂತೂ ಎದುರಂಗಡಿಯವನ ಸಿಸ್ಟಮ್ಮಿನದೇ ಹೆಸರು, ಹೋಗಿ ವಿಚಾರಿಸಿ ಬಂದೆ. ಅವನು ನಗುತ್ತಾ, ಅಂಗಡಿ ಮುಚ್ಚುವಾಗ ಹೇಳಿ ಅಮ್ಮ, ನಿಮ್ಮ ಕುರ್ಚಿಗಳು ನನಗಿರಲಿ ಎಂದ. ಮಾತು ಒರಟಲ್ಲ, ಆದರೆ ನಗು ಸರಿಯಿರಲಿಲ್ಲ. ಆ ಕುರ್ಚಿಗಳಲ್ಲಿ ಕೂರಲು ಬೆನ್ನು ನೆಟ್ಟಗಿರಬೇಕಪ್ಪ ಎಂದು ಹೇಳಿ ಬಂದೆ.

ಗುರುವಾರ ಏನೇನು ಮಾಡುತ್ತೇನೆ ಎಂದು ನೀನು ಕೇಳಿದ್ದೆ. ಬೀಗ ತೆಗೆಯುತ್ತೇನೆ. ಕಸ ಗುಡಿಸುತ್ತೇನೆ. ಹೊರಗಿನಿಂದ ಬರುವ ಇಂಟರ್ನೆಟ್ಟಿನ ವೈರು ಕಿತ್ತು ಮೊಳೆಗೆ ಸುತ್ತುತ್ತೇನೆ. ಧೂಳು ಹೊಡೆಯುತ್ತೇನೆ. ನೀನು ಹೇಳಿ ಹೋದಂತೆ ನಾಲ್ಕನ್ನೂ ಆನ್ ಮಾಡಿಡುತ್ತೇನೆ, ಆ ಮಾತು ಒಂದು ವಾರವೂ ತಪ್ಪಿಸಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಆರಿಸುತ್ತೇನೆ. ಮರುದಿನ ಬೆಳಿಗ್ಗೆ ವೈರು ಮತ್ತೆ ಹಾಕುತ್ತೇನೆ. ಅಷ್ಟೇ.

ವೈರು ಯಾಕೆ ಕೀಳುವುದು ಎಂದು ಕೇಳಬೇಡ. ಉಪವಾಸ ಎಂದರೆ ಹೊರಗಿನದು ಒಳಗೆ ಹೋಗಬಾರದು. ನನ್ನ ಬಾಯಿಗೆ ಏನೂ ಹಾಕದೆ, ನನ್ನ ಕೋಣೆಗೆ ಮಾತ್ರ ಊರಿನದೆಲ್ಲ ಹರಿದು ಬರಲಿ ಎಂದರೆ ನನ್ನ ಮನಸ್ಸು ಒಪ್ಪುವುದಿಲ್ಲ. ಆ ಒಂದು ದಿನ ಅವೂ ಸುಮ್ಮನಿರಲಿ. ಕೋಣೆ ತೆರೆದ ಮೊದಲ ವಾರದಿಂದಲೂ ನಡೆಸಿಕೊಂಡು ಬಂದಿದ್ದೇನೆ. ನೀನು ಆಗ ಬೆಳಿಗ್ಗೆ ಕಾಲೇಜಿಗೆ ಹೋಗಿರುತ್ತಿದ್ದೆ, ನೋಡಿರಲಿಕ್ಕಿಲ್ಲ.

ನಿಮ್ಮ ಮೇಡಂಗೆ ನನ್ನ ನಮಸ್ಕಾರ. ಇನ್ನು ಮೇಲೆ ಅವರಿಗೂ ಸೇರಿಸಿಯೇ ಬರೆಯುತ್ತೇನೆ.

ನಿನ್ನ
ಅಮ್ಮ


ಜುಲೈ ೮

ಅಮ್ಮಾ,

ಈ ಕಾಗದ ಬರೆಯುವ ಮುಂಚೆ ನಾನು ತುಂಬ ಹೊತ್ತು ನಕ್ಕೆ. ಆಮೇಲೆ ಸ್ವಲ್ಪ ಅತ್ತೆ ಕೂಡ. ಎರಡಕ್ಕೂ ಕಾರಣ ಒಂದೇ.

ನಿನಗೆ ನೆನಪಿದೆಯೇ, ಒಂದು ಸಂಜೆ ಗುಂಡಿ ಹೊಲಿಯುವವಳು ಗೆಲ್ಲುವ ಹೊತ್ತಿಗೆ ಸರಿಯಾಗಿ ಕಂಪ್ಯೂಟರ್ ತಾನೇ ಆರಿ, ಹೊಸದಾಗುತ್ತಿದ್ದೇನೆ ಕಾಯಿರಿ ಎಂದು ಕೂತುಬಿಟ್ಟಿತ್ತು. ಅವಳು ನನ್ನ ಜೊತೆ ಮಾತು ಬಿಟ್ಟಿದ್ದಳು. ಅವತ್ತೇ ನಾನು ನಾಲ್ಕೂ ಯಂತ್ರಗಳಿಗೆ ಕಟ್ಟು ಹಾಕಿದೆ. ಬೇರೆ ಯಾವ ದಿನವೂ ಹೊಸದನ್ನು ಮುಟ್ಟಬಾರದು, ಗುರುವಾರ ಮಾತ್ರ ತರಿಸಿಕೊಳ್ಳಬೇಕು, ಯಾಕೆಂದರೆ ಗುರುವಾರ ಅಮ್ಮನ ಉಪವಾಸ, ಕೋಣೆಗೆ ರಜೆ, ಯಾರ ಆಟವೂ ಕೆಡುವುದಿಲ್ಲ. ರಜೆಯಲ್ಲೂ ಆನ್ ಮಾಡಿಡು ಎಂದು ನಿನಗೆ ಹೇಳಿದ್ದು ಅದಕ್ಕೇ. ಯಾಕೆ ಎಂದು ಹೇಳಲಿಲ್ಲ, ನಿನಗೆ ತಲೆನೋವು ಯಾಕೆ ಅಂದುಕೊಂಡೆ.

ಆ ಹೊಸದು ಬರುವುದು ನೀನು ಮೊಳೆಗೆ ಸುತ್ತುವ ಆ ವೈರಿನಿಂದಲೇ ಅಮ್ಮಾ. ನಾಲ್ಕು ವರ್ಷ ಪ್ರತಿ ಗುರುವಾರ ಅವು ತಟ್ಟೆ ಮುಂದಿಟ್ಟುಕೊಂಡು ಕೂತಿವೆ, ಬಡಿಸುವವರು ಬಂದೇ ಇಲ್ಲ. ನಿನ್ನ ಜೊತೆ ಅವೂ ಉಪವಾಸ ಮಾಡಿವೆ. ಸಿಸ್ಟಮ್ಮಿನ ಹೆಸರು ಈಗಿನದೇ, ಆದರೆ ಒಳಗಿರುವುದು ನಾಲ್ಕು ವರ್ಷ ಹಿಂದಿನದು. ನೀನು ಕಳಿಸಿದ ಸಂಖ್ಯೆ ಅದನ್ನೇ ಹೇಳುತ್ತದೆ.

ಎರಡು ದಾರಿ ಇದೆ. ಒಂದು, ಗುರುವಾರ ವೈರು ಕೀಳದೆ ಬಿಡುವುದು. ಇಲ್ಲವೇ ಯಂತ್ರಗಳು ಹೊಸದನ್ನು ತರಿಸಿಕೊಳ್ಳುವ ದಿನವನ್ನು ಬೇರೆ ವಾರಕ್ಕೆ ಬದಲಾಯಿಸುವುದು, ಹೇಗೆಂದು ಬರೆದು ಕಳಿಸುತ್ತೇನೆ, ಆದರೆ ಆ ದಿನವೂ ಕೋಣೆ ಮುಚ್ಚಬೇಕಾಗುತ್ತದೆ. ನಿನ್ನ ವ್ರತದ ವಿಷಯದಲ್ಲಿ ನಾನು ಬಾಯಿ ಹಾಕುವುದಿಲ್ಲ. ನೀನೇ ಯೋಚಿಸು.

ನಿನ್ನ
ಚೂಟಿ


ಜುಲೈ ೧೮, ಗುರುವಾರ

ಚೂಟಿ,

ಮೊದಲು ನನಗೆ ಸಿಟ್ಟು ಬಂತು. ದೇವರ ಹೆಸರಿನಲ್ಲಿ ಮಾಡಿದ್ದು ಹೀಗೆ ಆಗಬಹುದೇ ಎಂದು. ಕಾಗದ ಬಂದ ಸಂಜೆ ಕಾರ್ಖಾನೆಯ ಇಸ್ತ್ರಿ ಮಾಡುವವಳು ಬಂದಾಗ ವಿಷಯ ಹೇಳಿದೆ. ಅವಳು ಕುರ್ಚಿಯ ಕೈ ಹಿಡಿದುಕೊಂಡು ನಕ್ಕಳು. "ಪಾಪ ಅಕ್ಕ, ನಿಮ್ಮ ಮನೇಲಿ ಹುಟ್ಟಿದ ತಪ್ಪಿಗೆ ಇವೂ ಉಪವಾಸ." ಆಸ್ಪತ್ರೆಯ ಪಾಳಿ ಮುಗಿಸಿ ಬಂದಿದ್ದ ನರ್ಸಮ್ಮ ತನ್ನ ಮೂಲೆಯಿಂದ, ನಾಲ್ಕು ವರ್ಷ ಊಟವಿಲ್ಲದೆ ಇಷ್ಟು ಗಟ್ಟಿಯಾಗಿವೆ ಎಂದರೆ ಜೋಡಿಸಿದವಳ ಕೈ ಒಳ್ಳೆಯದು ಎಂದಳು. ಆ ಮಾತಿಗೆ ನನ್ನ ಸಿಟ್ಟು ಇಳಿಯಿತು.

ಆಮೇಲೆ ದೇವರ ಮುಂದೆ ಕೂತು ಯೋಚಿಸಿದೆ. ವಾರ ಬದಲಾಯಿಸಿದರೆ ಹೆಂಗಸರ ಒಂದು ಸಂಜೆ ಹೋಗುತ್ತದೆ. ನನ್ನ ನೇಮಕ್ಕೆ ಅವರು ಯಾಕೆ ಬಿಡಬೇಕು? ಹೊಟ್ಟೆ ನನ್ನದು, ವ್ರತ ನನ್ನದು. ಆ ಯಂತ್ರಗಳ ಪರವಾಗಿಯೂ ಹೊರಲು ನನಗೆ ಯಾರು ಹೇಳಿದ್ದರು? ನಾನು ಊರ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು, ಇಷ್ಟು ಅರ್ಥವಾಗಲು ನಾಲ್ಕು ವರ್ಷ ಬೇಕಾಯಿತು. ದೇವರಿಗೆ ಮೊದಲೇ ಗೊತ್ತಿದ್ದಿರಬೇಕು, ಹೇಳಿ ಕಳಿಸಲು ನಿನ್ನ ಜೀಪೇ ಬೇಕಾಯಿತು.

ಇವತ್ತು ವೈರು ಕೀಳಲಿಲ್ಲ. ಕೈ ತಾನಾಗಿ ಮೊಳೆಯ ಕಡೆಗೆ ಹೋಯಿತು, ಸೆರಗಿನೊಳಗೆ ಇಟ್ಟುಕೊಂಡೆ. ನಾಲ್ಕನ್ನೂ ಆನ್ ಮಾಡಿ ಮಧ್ಯದಲ್ಲಿ ಮಣೆ ಹಾಕಿಕೊಂಡು ಕೂತೆ. ಮಧ್ಯಾಹ್ನದ ಹೊತ್ತಿಗೆ ಬಾಗಿಲ ಪಕ್ಕದ್ದು ಎದ್ದಿತು, ದುಂಡಗಿನ ಗುರುತು ತಿರುಗಲು ಶುರುವಾಯಿತು, ಕೆಳಗೆ ಅಂಕಿ ಏರುತ್ತಾ ಹೋಯಿತು. ಆಮೇಲೆ ಕಿಟಕಿಯದು, ಗೋಡೆಯದು. ನಾನು ಬಿಟ್ಟ ಊಟವನ್ನೆಲ್ಲ ಅವು ಉಂಡ ಹಾಗಿತ್ತು. ನೋಡುತ್ತಾ ಕೂತವಳಿಗೆ ಹಸಿವೇ ಗೊತ್ತಾಗಲಿಲ್ಲ, ಎಷ್ಟೋ ಕಾಲದ ಮೇಲೆ ಇಷ್ಟು ಹಗುರಾದ ಉಪವಾಸ.

ಮೂಲೆಯದು ಮಾತ್ರ ಹಟ ಹಿಡಿದಿದೆ. ಅರ್ಧದವರೆಗೆ ಹೋಗಿ, ಆಗಲಿಲ್ಲ, ಹಿಂದಿನಂತೆಯೇ ಮಾಡುತ್ತಿದ್ದೇನೆ ಎಂದು ಬರೆದು ಮತ್ತೆ ಮೊದಲಿನ ಹಾಗೆ ಬಂದು ನಿಂತಿತು. ಎರಡು ಸಲ ಹೀಗೆ ಆಯಿತು. ಅದರ ವಿಷಯ ಬರೆ. ನೀನು ಬರುವುದು ಬೇಡ, ಬರೆದರೆ ಸಾಕು.

ನಿನ್ನ
ಅಮ್ಮ


ಆಗಸ್ಟ್ ೫

ಅಮ್ಮಾ,

ಮಣೆಯ ಮೇಲೆ ಕೂತ ನಿನ್ನನ್ನು ಇಲ್ಲಿಂದಲೇ ನೋಡಿದೆ. ಮೇಡಂಗೂ ಓದಿ ಹೇಳಿದೆ, ಅವರು ಚಹಾ ಲೋಟ ಕೆಳಗಿಟ್ಟು ಕೇಳಿದರು.

ಮೂಲೆಯದರಲ್ಲಿ ಜಾಗ ಸಾಲುತ್ತಿಲ್ಲ. ಅದರಲ್ಲಿರುವ ಹಳೆಯ ಆಟಗಳನ್ನು ಅಳಿಸಿದರೆ ಅದೂ ಹೊಸದಾಗುತ್ತದೆ. ಉಳಿದವಕ್ಕೆ ಇನ್ನೂ ಕೆಲವು ಗುರುವಾರ ಬೇಕಾಗಬಹುದು, ನಾಲ್ಕು ವರ್ಷದ್ದು ಒಂದೇ ದಿನ ಹಿಡಿಸದು. ಆಟ ಹಾಕಿದ ಮೇಲೆ ಅದು ತಡೆತಡೆದು ಓಡಿದರೆ ಹೆದರಬೇಡ. ಆಟದ ಒಳಗೆ ಚಿತ್ರದ ಅಂದ ಎಷ್ಟಿರಬೇಕು ಎಂದು ಕೇಳುವ ಜಾಗವಿದೆ. ಅಂದವನ್ನು ಕೆಳಗಿಳಿಸು, ಓಟ ಹೆಚ್ಚುತ್ತದೆ. ಸಿಸ್ಟಮ್ ಹೊಸದಾದರೆ ಆಟ ಒಳಗೆ ಬರುತ್ತದೆ, ಸರಾಗವಾಗಿ ಓಡಬೇಕಾದರೆ ಯಂತ್ರದ ಶಕ್ತಿಗೆ ತಕ್ಕಷ್ಟೇ ಕೇಳಬೇಕು.

ಸಹಿಯ ಕಾಗದ ನನ್ನ ಮೇಜಿನ ಮೇಲಿದೆ. ಇನ್ನೂ ಹಾಕಿಲ್ಲ. ನೀನು ಎಲ್ಲ ಚೆನ್ನಾಗಿದೆ ಎಂದು ಬರೆಯುವವಳು. ಅಪ್ಪ ಆಸ್ಪತ್ರೆಯಲ್ಲಿದ್ದಾಗಲೂ ಚೆನ್ನಾಗಿದ್ದಾರೆ ಎಂದೇ ನನ್ನ ಹಾಸ್ಟೆಲ್ಲಿಗೆ ಬರೆದಿದ್ದೆ. ಅದಕ್ಕೆ ಈ ತಿಂಗಳ ಕೊನೆಗೆ ರಜೆ ಕೇಳಿದ್ದೇನೆ. ಕೋಣೆಯನ್ನು ಕಣ್ಣಾರೆ ನೋಡಿ ಆಮೇಲೆ ತೀರ್ಮಾನ ಮಾಡುತ್ತೇನೆ. ಆ ಹೊತ್ತಿಗೆ ಗಡುವು ದಾಟಿದರೆ ದಾಟಲಿ. ಬೇಡ ಎನ್ನಬೇಡ.

ನಿನ್ನ
ಚೂಟಿ


ಆಗಸ್ಟ್ ೨೨, ಗುರುವಾರ

ಚೂಟಿ,

ಆಸ್ಪತ್ರೆಯ ಮಾತು ನೀನು ಬರೆದದ್ದು ಸರಿಯೇ. ಹಾಗಾಗಿ ಈ ಕಾಗದದಲ್ಲಿ ಚೆನ್ನಾಗಿದೆ ಎಂಬ ಮಾತನ್ನೇ ಬರೆಯುವುದಿಲ್ಲ. ನಡೆದದ್ದನ್ನು ಬರೆಯುತ್ತೇನೆ, ನೀನು ಮಳೆ ಅಳೆದು ಬರೆಯುವ ಹಾಗೆ.

ಮೊದಲು ಆಗದಿದ್ದು. ಮೂಲೆಯದು ಹೊಸದಾಗಲಿಲ್ಲ, ನಾನೇ ಬಿಡಲಿಲ್ಲ. ಅಳಿಸಬೇಕಾದ ಆಟಗಳಲ್ಲಿ ನರ್ಸಮ್ಮನ ತೋಟದ ಆಟವೂ ಇತ್ತು. ಒಂದೊಂದು ಗಿಡವನ್ನೂ ಅವಳು ಪಾಳಿ ಮುಗಿಸಿ ಬಂದು ನೆಟ್ಟಿದ್ದು. ಅಳಿಸಲೇ ಎಂದು ಕೇಳಿದೆ. ಅಳಿಸಿ ಅಕ್ಕ ಎಂದಳು, ಆದರೆ ಅವತ್ತು ಎಂದಿಗಿಂತ ಹೆಚ್ಚು ಹೊತ್ತು ನೀರು ಹಾಕುತ್ತಾ ಕೂತಳು. ನಾನು ಮುಟ್ಟಲಿಲ್ಲ. ಆ ಒಂದು ಯಂತ್ರ ಹಳೆಯದಾಗಿಯೇ ಇರಲಿ, ಅವಳಿಗೆ. ಎದುರಂಗಡಿಯಲ್ಲಿ ಇದು ಸಿಗುವುದಿಲ್ಲ.

ಉಳಿದ ಮೂರಕ್ಕೂ ಹೊಸ ಸಂಖ್ಯೆ ಬಂದಿದೆ, ಚೀಟಿ ಒಳಗಿದೆ, ನೋಡಿಕೋ. ಆಟ ಒಳಗೆ ಬಂತು. ಮೊದಲು ಓಡಿಸಿದಾಗ ಕಾರು ಕುಂಟುತ್ತಾ ಹೋಯಿತು, ಗುಂಡಿ ಹೊಲಿಯುವವಳ ಮುಖ ಸಣ್ಣದಾಯಿತು. ನೀನು ಹೇಳಿದ ಜಾಗ ಹುಡುಕಿ ಅಂದವನ್ನು ಕೆಳಗಿಳಿಸಿದೆ. ಮರದ ಎಲೆಗಳು ಹೋದವು, ನೆರಳು ಹೋಯಿತು, ನೀರಿನ ಹೊಳಪು ಹೋಯಿತು. ಕಡೆಗೆ ಮೋಡ ಬೇಕೋ ಬೇಡವೋ ಎಂದು ಕೇಳಿತು. ಬೇಡ ಎಂದು ಒತ್ತಿದೆ. ಇಸ್ತ್ರಿ ಮಾಡುವವಳು, ಮೋಡವಿಲ್ಲದ ಆಕಾಶ ಬೋಳಾಗಿದೆಯಲ್ಲಕ್ಕ ಎಂದಳು. ನಾನು ಹೇಳಿದೆ: "ಇರ್ಲಿ ಬಿಡು. ಮೋಡ ನೋಡ್ಕೊಳ್ಳೋಕೆ ನಮ್ಮನೇಲಿ ಒಬ್ಬಳಿದ್ದಾಳೆ."

ಆಮೇಲೆ ಕಾರು ಹೋಯಿತು ನೋಡು. ಹಗ್ಗ ಬಿಚ್ಚಿದ ಕರುವಿನ ಹಾಗೆ. ಗುಂಡಿ ಹೊಲಿಯುವವಳು ಗೆದ್ದಳು, ಇಸ್ತ್ರಿಯವಳು ಜಗಳ ತೆಗೆದಳು, ಮತ್ತೆ ಓಡಿಸಿದರು, ಮತ್ತೆ ಜಗಳ. ಮರುದಿನ ಕಾರ್ಖಾನೆಯಿಂದ ಇನ್ನೂ ಕೆಲವರು ಬಂದು ಬಾಗಿಲ ಹೊರಗೆ ಸರದಿಗೆ ಕೂತರು. ಎದುರಂಗಡಿಯವನು ರಸ್ತೆ ದಾಟಿ ಬಂದು ಇಣುಕಿದ. ಹಳೇದ್ರಲ್ಲಿ ಹೇಗಮ್ಮ ಓಡಿಸಿದ್ರಿ ಎಂದು ಕೇಳಿದ. ಮರ್ಯಾದೆಯಿಂದಲೇ ಕೇಳಿದ, ನಾನೂ ಮರ್ಯಾದೆಯಿಂದಲೇ ಹೇಳಿದೆ: "ಜೋಡಿಸಿದವಳು ನನ್ನ ಮಗಳು. ಊಟ ಹಾಕಿದವಳು ನಾನು." ಕುರ್ಚಿಯ ಮಾತು ಅವನು ಎತ್ತಲಿಲ್ಲ.

ಅವರೆಲ್ಲ ಹಿಡಿದು ನನ್ನನ್ನೂ ಕೂರಿಸಿದರು. ಕಾರನ್ನು ಸೀದಾ ಬೇಲಿಗೆ ಹೊಡೆದೆ, ಹಿಂದಕ್ಕೆ ತೆಗೆದೆ, ಮತ್ತೆ ಹೊಡೆದೆ. ಕೊನೆಯವಳಾಗಿ ಬಂದೆ, ಆದರೆ ಮುಗಿಸಿದೆ. ಗುಂಡಿ ಹೊಲಿಯುವವಳು ನನ್ನ ಕೈ ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದಳು. ಹೆಮ್ಮೆ ಪಡುವುದು ತಪ್ಪು ಎಂದು ಸಣ್ಣವಳಿದ್ದಾಗ ಕಲಿಸಿದ್ದರು. ದೇವರ ಹತ್ತಿರ ಆಮೇಲೆ ಮಾತಾಡಿಕೊಳ್ಳುತ್ತೇನೆ. ಆ ಸಂಜೆ ನಾನು ಪಟ್ಟೆ.

ಇದನ್ನು ನೋಡಲು ನೀನು ಗಡುವು ದಾಟಿಸಿ ಬರಬೇಕಾಗಿಲ್ಲ. ನಂಬಿಕೆ ಬರದಿದ್ದರೆ ಗುಂಡಿ ಹೊಲಿಯುವವಳು, ಇಸ್ತ್ರಿಯವಳು, ನರ್ಸಮ್ಮ ಮೂವರೂ ಕೆಳಗೆ ರುಜು ಹಾಕಿದ್ದಾರೆ. ನಿನ್ನ ಕಾಗದದ ಮೇಲೆ ರುಜು ಹಾಕುವುದು ಈಗ ನಿನಗೆ ಬಿಟ್ಟದ್ದು.

ನಿನ್ನ
ಅಮ್ಮ


ಆಗಸ್ಟ್ ೨೬
(ಊರಿನ ಹವಾಮಾನ ಕಚೇರಿಯಿಂದ ವೈರ್‌ಲೆಸ್‌ನಲ್ಲಿ ಓದಿ ಹೇಳಲು)

ಬೆಟ್ಟದ ಕೇಂದ್ರದ ಮೇಡಂ ಅವರಿಗೆ ನಮಸ್ಕಾರ. ನಿಮ್ಮಲ್ಲಿ ತರಬೇತಿಯಲ್ಲಿರುವ ಹುಡುಗಿಯ ತಾಯಿ ಬರೆಯುವುದು. ಇಲ್ಲಿಯ ಆಪರೇಟರು ನಾಲ್ಕು ಮಾತಿಗಿಂತ ಹೆಚ್ಚು ಬೇಡ ಎನ್ನುತ್ತಿದ್ದಾರೆ, ಪುಣ್ಯಾತ್ಮರು ಆಗಲೇ ಎರಡು ಹೆಚ್ಚು ಕೊಟ್ಟಿದ್ದಾರೆ. ಮಗಳಿಗೆ ಕೊಡಬೇಕಾದ ಉತ್ತರ ಗುರುವಾರವೇ ಬರೆದು ಮುಗಿಸಿ ಇಟ್ಟಿದ್ದೇನೆ. ಜೀಪು ಕೆಟ್ಟು ನಿಂತು ಬಂದೆಬಂದೆ ಬರಲೇ ಇಲ್ಲ. ಮೂರು ಯಂತ್ರ ಓಡುತ್ತಿವೆ, ಕೋಣೆ ತುಂಬಿದೆ, ಸಾಕ್ಷಿಯ ರುಜು ಸಮೇತ ಇದೆ ಎಂದು ಅವಳಿಗೆ ಹೇಳಿ. ಸಹಿಯ ಗಡುವು ದಾಟುವ ಮುಂಚೆ ನನ್ನ ಉತ್ತರ ಒಯ್ಯಲು ಯಾರನ್ನಾದರೂ ಕಳಿಸಿಕೊಡಿ, ಕಾಲ್ನಡಿಗೆಯವರಾದರೂ ಸರಿ. ಅವಳನ್ನು ಮಾತ್ರ ಕಳಿಸಬೇಡಿ. ಅವಳಿಗೆ ಅಲ್ಲಿ ಕೆಲಸವಿದೆ.

ಅವಳ ಅಮ್ಮ